ಗಟ್ಟಿಯಾಗಿ ಹೇಳು

ಡೈರಿಯಲ್ಲಿ ಮಾತ್ರ ಬರೆದುಕೊಂಡಿದ್ದೆ... "ನನಗೆ ಅರ್ಥ ಆಗಿಲ್ಲ. ಆದ್ರೂ ಹೂಂ ಅಂದುಬಿಟ್ಟೆ."

ಅಕ್ಕನ ಮಗಳು ಇಂಪನಾಗೆ ಏಳು ತಿಂಗಳು. ಹಾಲು ಕುಡಿಸಿದರೆ ಸಾಕು, ಕೆಮ್ಮು... ಹಾಲು ಶ್ವಾಸಕೋಶದ ಕಡೆ ಜಾರುತ್ತಿದೆ ಅಂದರು ಡಾಕ್ಟರು.

ಅವರು ಬರೆದುಕೊಟ್ಟ ಪೌಡರ್ ಬೆರೆಸಿ, ಹಾಲನ್ನು ಸ್ವಲ್ಪವೇ ಗಟ್ಟಿ ಮಾಡಿ ಕುಡಿಸಬೇಕಿತ್ತು. ಅಳತೆ ಹೇಳಿಕೊಟ್ಟವರು ಆಸ್ಪತ್ರೆಯಲ್ಲಿ ನುಂಗುವ ತೊಂದರೆ ನೋಡುವ ಥೆರಪಿಸ್ಟ್ ಜುಬೇದಾ ಮೇಡಂ.

ಅಳುವ ಮಗುವನ್ನು ಎತ್ತಿಕೊಂಡು ಅಕ್ಕ ಹೊರಗೆ ಓಡಾಡುತ್ತಿದ್ದಳು. ಕೇಳಿಸಿಕೊಳ್ಳಬೇಕಾದವಳು ನಾನು... ಮನೆಯಲ್ಲಿ ಡಿಗ್ರಿ ಮಾಡಿದವಳು.

"ಅರ್ಥ ಆಯ್ತಾಮ್ಮ?" ಅಂದರು ಮೇಡಂ.

ಹಿಂದೆ ಹತ್ತು ಜನ ಕಾಯುತ್ತಿದ್ದರು. ತಲೆ ಆಡಿಸಿದೆ.

ಮನೆಗೆ ಬಂದು ನೋಡಿದರೆ ಅಳತೆಯ ಬಗ್ಗೆ ಡೈರಿಯಲ್ಲಿ ಇದ್ದದ್ದು "ಎರಡು ಚಮಚ" ಅಷ್ಟೇ. ಮಟ್ಟ ಮಾಡಿದ್ದೋ, ಗುಡ್ಡೆ ತುಂಬಿದ್ದೋ...

"ತುಂಬಾನೇ ಹಾಕೇ," ಅಂದಳು ಅಮ್ಮ. "ಮಗು ಗಟ್ಟಿಯಾಗ್ಲಿ."

ಹಾಕಿದೆ. ಬಾಟಲಿಯ ಹಾಲು ಗಂಜಿಯಂತಾಯಿತು.

ಇಂಪನಾ ಚೀಪಿದಳು, ಚೀಪಿದಳು... ಮುಖ ಕೆಂಪಾಗಿ, ಸುಸ್ತಾಗಿ ಬಾಯಿ ಬಿಟ್ಟಳು. ಒಂದು ಹನಿಯೂ ಬರಲಿಲ್ಲ.

"ನಿಪ್ಪಲ್ ತೂತೇ ಸಣ್ಣದು," ಅಂತ ಅಮ್ಮ ಸ್ಟವ್ ಹಚ್ಚಿ, ಸೂಜಿ ಕಾಯಿಸತೊಡಗಿದಳು.

ತೂತು ದೊಡ್ಡದಾದರೆ ಹಾಲು ಒಮ್ಮೆಲೇ ನುಗ್ಗಿ ಉಸಿರು ಕಟ್ಟಬಹುದು... ಮೇಡಂ ಹೇಳಿದ್ದರಲ್ಲಿ ಅದೊಂದು ನನಗೆ ಚೆನ್ನಾಗಿ ನೆನಪಿತ್ತು.

"ಬೇಡಮ್ಮ," ಅಂದೆ. ನನಗೇ ಕೇಳಿಸಲಿಲ್ಲ.

"ಗಟ್ಟಿಯಾಗಿ ಹೇಳೇ. ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀಯಾ?"

ಸೂಜಿಯ ತುದಿ ಕೆಂಪಾಗಿತ್ತು. ಅಕ್ಕನ ತೋಳಲ್ಲಿ ಇಂಪನಾ ಹಸಿವಿಗೆ ತನ್ನ ಮುಷ್ಟಿಯನ್ನೇ ಚೀಪುತ್ತಿದ್ದಳು.

ಅಮ್ಮನ ಕೈಯಿಂದ ಬಾಟಲಿ ಕಸಿದುಕೊಂಡೆ.

"ತಪ್ಪು ನಿಪ್ಪಲ್‌ದಲ್ಲಮ್ಮ, ನಂದು. ಅಳತೆ ನನಗೆ ಅರ್ಥಾನೇ ಆಗಿರ್ಲಿಲ್ಲ. ಕೇಳೋಕೆ ನಾಚಿಕೆ ಆಗಿ ಸುಮ್ನೆ ತಲೆ ಆಡಿಸ್ಬಿಟ್ಟೆ..."

ಅಮ್ಮ ಬೈಯಲಿಲ್ಲ. ಸ್ಟವ್ ಆರಿಸಿದಳು.

ಅಕ್ಕ ಕಣ್ಣೊರೆಸಿಕೊಂಡು ಫೋನ್ ನನ್ನ ಕೈಗಿಟ್ಟಳು. "ಇದನ್ನೇ ಮೇಡಂಗೂ ಹೇಳು... ಇಷ್ಟೇ ಗಟ್ಟಿಯಾಗಿ."

ಹೇಳಿದೆ.

ಆ ಕಡೆಯಿಂದ ಬಂದದ್ದು ಸಿಟ್ಟಲ್ಲ. "ಮಟ್ಟ ಚಮಚ ಕಣಮ್ಮ. ಆ ಹಾಲು ಚೆಲ್ಲಿ, ಮಗೂನ ಈಗ್ಲೇ ಕರ್ಕೊಂಡು ಬನ್ನಿ. ಈ ಸಲ ನೀವು ಕಲಸಿ, ನಾನು ನೋಡ್ತೀನಿ. ಅರ್ಥ ಆಯ್ತಾ?"

ಹೂಂ ಅನ್ನಲು ಬಾಯಿ ತೆರೆದವಳು, ತಡೆದು ಅಂದೆ...

"ಇಲ್ಲ ಮೇಡಂ. ಅಲ್ಲಿಗೆ ಬಂದ್ಮೇಲೆ ಮೊದಲಿಂದ ಇನ್ನೊಂದ್ಸಲ ಹೇಳಿಕೊಡಿ."

*

ಬೇರೆ ಯಾವ ಮಾತು ಮೆಲ್ಲಗೆ ಆಡಿದರೂ ನಡೆದೀತು... "ಅರ್ಥ ಆಗಲಿಲ್ಲ" ಅನ್ನುವುದನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು.

ಅರ್ಥವಾಗದೆಯೂ ನೀವು ಕೊನೆಯ ಸಲ ತಲೆ ಆಡಿಸಿದ್ದು ಯಾರೆದುರು?