ಹದಿನೇಳನೆಯ ಉಪಕರಣ

"ಮೇಡಂ, ಅದನ್ನೂ ರದ್ದಿಗೆ ಹಾಕ್ಲಾ?" ಎಂದು ಹಳೆಯ ಬೀರು ಖಾಲಿ ಮಾಡುತ್ತಿದ್ದ ಸಹೋದ್ಯೋಗಿ ಕೈ ಚಾಚಿದಾಗ ಅವಳು ಆ ರಿಜಿಸ್ಟರನ್ನು ಎದೆಗವಚಿಕೊಂಡಳು. ಥರ್ಮಾಮೀಟರುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಈ ಪ್ರಯೋಗಾಲಯದಲ್ಲಿ ಅವಳಿಗಿಂತ ಮೊದಲು ಅಪ್ಪ ಇದ್ದ. ಪುಟದ ತುಂಬ ಅವನದೇ ದುಂಡನೆಯ ಅಕ್ಷರ.

ಮನೆಯಲ್ಲೂ ಅವನು ಅಳೆದು ನೋಡದೆ ಏನನ್ನೂ ನಂಬುವವನಲ್ಲ. ಮಗಳ ಹಣೆ ಮುಟ್ಟಿ ಅಮ್ಮ "ನೂರಾ ಎರಡಿದೆ ಕಣ್ರೀ" ಅಂದರೂ ಥರ್ಮಾಮೀಟರು ಹಿಡಿದು ಬರುತ್ತಿದ್ದ. "ಜೀವ ಇರೋವರೆಗೂ ನಿಮ್ಮಪ್ಪಂಗೆ ನನ್ನ ಕೈ ಮೇಲೆ ನಂಬಿಕೆ ಬರ್ಲೇ ಇಲ್ಲ ನೋಡು" ಎಂದು ಅಮ್ಮ ಈಗಲೂ ಮುಖ ಊದಿಸುತ್ತಾಳೆ.

ಹದಿನೇಳನೆಯ ಸಾಲಿನಲ್ಲಿ ಅವಳ ಬೆರಳು ನಿಂತಿತು. "ಉಪಕರಣ: ಹೆಂಡತಿಯ ಅಂಗೈ. ನಲವತ್ತು ಸಲ ಹೋಲಿಸಿ ನೋಡಿದೆ. ಪ್ರತಿ ಸಲವೂ ಸರಿಯಾಗಿ ಅರ್ಧ ಡಿಗ್ರಿ ಹೆಚ್ಚು ಹೇಳುತ್ತದೆ, ಒಮ್ಮೆಯೂ ಅತ್ತಿತ್ತ ಆಗಿಲ್ಲ. ಅರ್ಧ ಕಳೆದು ನಂಬಬಹುದು. ಬಳಕೆಗೆ ಯೋಗ್ಯ." ಕೆಳಗೆ ಅಪ್ಪನ ಸಹಿ, ಕಚೇರಿಯ ಮುದ್ರೆ.

ಕೊನೆಯ ಕಾಲಂ ಮರುಪರೀಕ್ಷೆಯ ತಾರೀಖಿನದು. ಎಂಥ ದುಬಾರಿ ಯಂತ್ರಕ್ಕೂ ಒಂದು ವರ್ಷಕ್ಕಿಂತ ಹೆಚ್ಚು ವಾಯಿದೆ ಕೊಡದ ಅಪ್ಪ, ಅಲ್ಲಿ ಒಂದೇ ಒಂದು ಪದ ಬರೆದಿದ್ದ: "ಬೇಕಿಲ್ಲ."