ಎರಡು ಕಂಬಗಳ ನಡುವೆ

ಗುಡಿಗೆ ಪುರಾತತ್ವ ಇಲಾಖೆಯ ಬೀಗ ಬಿದ್ದ ಮೂರನೆಯ ದಿನ ಸಂಗಯ್ಯ ಬಂದಾಗ, ಸತ್ಯವ್ವ ಹೊರಗೆ ಬೇವಿನ ಮರದಡಿ ಕಲ್ಲು ಹೂಡಿ ರೊಟ್ಟಿ ಬೇಯಿಸುತ್ತಿದ್ದಳು. ಸುತ್ತ ಗಡಿಗೆಗಳು, ಕಂಬಳಿ, ಕಾಲು ಕಟ್ಟಿದ ಒಂದು ಕೋಳಿ. ಅವಳ ಅತ್ತೆ ಮಾವಂದಿರ ಕಾಲದಿಂದಲೂ ಆ ಪಾಳುಗುಡಿಯೇ ಮನೆ. ಹುನಗುಂದದ ಆ ಸೀಮೆಯಲ್ಲಿ ಗುಡಿಯೊಳಗೆ ಸಂಸಾರ ಮಾಡುವುದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ.

ಹೇಳಿಕಳಿಸಿದ್ದವನು ಅವಳ ಗಂಡ ಹುಲ್ಲಪ್ಪ. ಗುಡಿಯಲ್ಲಿ ವಾಸವಿದ್ದವರಿಗೆ ಊರಾಚೆ ಮನೆ ಕಟ್ಟಿಕೊಳ್ಳಲು ಜಾಗ ಕೊಡುತ್ತಾರಂತೆ. ಆದರೆ ಈ ಗುಡಿಯಲ್ಲಿ ಯಾರೂ ಇರಲಿಲ್ಲ, ನೀವು ಈಚೆಗೆ ನುಸುಳಿದವರು ಎಂದುಬಿಟ್ಟರಂತೆ ಇಲಾಖೆಯ ಸಾಹೇಬರು. ಸಾಕ್ಷಿಗೆ ತೋರಿಸಿದ್ದು ಎಪ್ಪತ್ತಾರನೆಯ ಇಸವಿಯಲ್ಲಿ ಸಂಗಯ್ಯ ಬರೆದ ನಕ್ಷೆಯ ಪ್ರತಿಯನ್ನು.

ಬಾಗಲಕೋಟೆಯ ಆರ್ಕಿಟೆಕ್ಟ್ ಸಂಗಯ್ಯನಿಗೆ ಮುಂಬಯಿಯ ಕಲಾಪ್ರದರ್ಶನದಲ್ಲಿ ಹೆಸರು ತಂದ ನಕ್ಷೆ ಅದು. ಬರೆದಷ್ಟು ದಿನವೂ ಅವನು ಸತ್ಯವ್ವನ ಒಲೆಯ ಮುಂದೆಯೇ ಕೂತು ಉಂಡಿದ್ದ. ಕಾಗದದ ಮೇಲೆ ಮಾತ್ರ ಒಲೆ, ಅಡ್ಡಗೋಡೆ, ತೊಟ್ಟಿಲ ಹಗ್ಗ ಯಾವುದೂ ಇರಲಿಲ್ಲ. ಕಟ್ಟಿದವರು ಕಂಡಂತೆಯೇ ಗುಡಿ ಕಾಣಲೆಂದು, ಆಮೇಲೆ ಸೇರಿದ್ದನ್ನೆಲ್ಲ ಬಿಟ್ಟಿದ್ದ. ಕೆಳಗೆ, ಇದ್ದದ್ದನ್ನು ಇದ್ದಂತೆ ಬರೆದಿದ್ದೇನೆ ಎಂದು ಸಹಿ ಮಾಡಿದ್ದ.

"ಇವ್ರು ಇಲ್ಲೇ ಇದ್ರು ಅಂತ ನೀವು ಒಂದ್ ಮಾತು ಹೇಳಿದ್ರ ಸಾಕ್ರಿ," ಎಂದ ಹುಲ್ಲಪ್ಪ.

ಆ ಮಾತು ಹೇಳಿದರೆ ಸಂಗಯ್ಯನ ಸಹಿ ಸುಳ್ಳಾಗುತ್ತಿತ್ತು. ನಕ್ಷೆ ಬರುವ ತಿಂಗಳು ಪುಸ್ತಕದಲ್ಲಿ ಅಚ್ಚಾಗಲಿತ್ತು. ಅವನು ಚೀಲದಿಂದ ಮೂಲ ನಕ್ಷೆಯನ್ನು ತೆಗೆದು ಕಟ್ಟೆಯ ಮೇಲೆ ಹಾಸಿದ.

ಸತ್ಯವ್ವ ಎದ್ದು ಬಂದು ಬಹಳ ಹೊತ್ತು ನೋಡಿದಳು.

"ಚಂದ ಬರದೀರಿ ಅಯ್ಯನವರ. ನಾ ಎಂದೂ ಇಷ್ಟು ಸ್ವಚ್ಛ ಇಟ್ಟಿದ್ದಿಲ್ಲ."

"ಇದು ಹಳೇ ಗುಡಿ ಹೆಂಗಿತ್ತು ಅಂತ ತೋರ್ಸೂದಷ್ಟ ಸತ್ಯವ್ವ..."

"ನೀವು ಬಂದಾಗ ನಾ ಬಾಣಂತಿ. ಕೂಸು ಅತ್ರ ಬರಿಯೂದು ಬಿಟ್ಟು ನೀವ ತೊಟ್ಲಾ ತೂಗ್ತಿದ್ರಿ."

ಅವನು ತಲೆ ಎತ್ತಲಿಲ್ಲ. ಅವಳು ಮಸಿ ಹತ್ತಿದ ಬೆರಳನ್ನು ಎರಡು ಕಂಬಗಳ ನಡುವಿನ ಬಿಳಿಯ ಜಾಗದಲ್ಲಿ ಊರಿದಳು.

"ಒಲಿ ಇಲ್ಲಿತ್ತರಿ."

ಬೆರಳು ಎತ್ತಿದಾಗ ಅಲ್ಲೊಂದು ಕಪ್ಪು ಗುರುತು ಉಳಿಯಿತು. ಹುಲ್ಲಪ್ಪ ಸಂಗಯ್ಯನ ಮುಖವನ್ನೇ ನೋಡುತ್ತ ನಿಂತಿದ್ದ. ಸಂಗಯ್ಯನ ಕೈ ಆಗಲೇ ಜೇಬಿನಲ್ಲಿ ರಬ್ಬರು ತಡಕುತ್ತಿತ್ತು.