ಮೊದಲ ತಟ್ಟೆ

ನುಗ್ಗೆಸೊಪ್ಪಿನ ಒಗ್ಗರಣೆಯ ವಾಸನೆ ಬಂದರೆ ಈಗಲೂ ಭದ್ರಾವತಿಯ ನಮ್ಮ ಕ್ವಾರ್ಟರ್ಸಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಮತ್ತೆ ಬಸುರಿಯಾಗಿದ್ದಳು. ಹಿಂದಿನ ಸಲ ಅಪ್ಪನ ತಾಯಿ, ನಮ್ಮ ಅಜ್ಜಿ, "ಜಾಸ್ತಿ ತಿಂದ್ರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ" ಎಂದು ಅಮ್ಮನಿಗೆ ಅರೆಹೊಟ್ಟೆಯಷ್ಟೇ ಬಡಿಸುತ್ತಿದ್ದಳು. ಆ ಮಗು ತೀರಾ ಸಣ್ಣದಾಗಿ ಹುಟ್ಟಿ, ವಾರದೊಳಗೆ ತೀರಿಕೊಂಡಿತ್ತು.

ಆ ದಿನ ಅಪ್ಪ ಊಟಕ್ಕೆ ಕಾದು ಕೂತಿದ್ದರೂ ಅಜ್ಜಿ ಮೊದಲ ತಟ್ಟೆಯನ್ನು ಅಮ್ಮನ ಮುಂದಿಟ್ಟಳು.

"ಅವರದ್ದಾಗ್ಲಿ ಅತ್ತೆ, ಆಮೇಲೆ ತಿಂತೀನಿ" ಎಂದಳು ಅಮ್ಮ.

"ಅವನು ಕಾಯ್ತಾನೆ. ನೀನು ತಿನ್ನು ಮಾರಾಯ್ತಿ."

ಅಜ್ಜಿ ತಾನೇ ಬಿಸಿ ಅನ್ನಕ್ಕೆ ಪಲ್ಯ ಕಲೆಸಿ, ತುತ್ತು ಮಾಡಿ ಅಮ್ಮನ ಬಾಯಿಗಿಟ್ಟಳು. ಅಮ್ಮ ಅಳುತ್ತಲೇ ತಿಂದಳು. ಅಪ್ಪ ಗೋಡೆ ನೋಡುತ್ತಾ ಕೂತಿದ್ದರು.

ಬೇಸಿಗೆಯಲ್ಲಿ ತಮ್ಮ ಹುಟ್ಟಿದ. "ಮೂರು ಕೆಜಿ ಇದ್ದಾನೆ ಅಜ್ಜಿ" ಎಂದಳು ನರ್ಸ್.

"ಇನ್ನೊಂದ್ಸಲ ಹೇಳಮ್ಮ" ಎಂದಳು ಅಜ್ಜಿ.